ಷಡ್ಡಕನ ಕೊನೆಯ ನಾಲ್ಕು ಹೋಲು

ಹದಿನಾಲ್ಕನೇ ಹೋಲು ಮುಗಿದಾಗ ತಕ್ಕಡಿ ಸಾಹೇಬರು ಷಡ್ಡಕನಿಗಿಂತ ಎರಡು ಏಟು ಮುಂದಿದ್ದರು. ಗಾಲ್ಫಿನಲ್ಲಿ ಚೆಂಡು ಗುಂಡಿಗೆ ಬಿದ್ದರೆ ಒಂದು ಹೋಲು ಮುಗಿದಂತೆ, ಮುಂದಿರುವುದೆಂದರೆ ಕಡಿಮೆ ಏಟು ಹೊಡೆದಿರುವುದು. ಸಾಹೇಬರದು ಅರವತ್ತಾರು, ಷಡ್ಡಕನದು ಅರವತ್ತೆಂಟು. ಇನ್ನು ಉಳಿದದ್ದು ನಾಲ್ಕೇ ಹೋಲು, ಆ ನಾಲ್ಕರಲ್ಲಿ ಷಡ್ಡಕ ಮುಗ್ಗರಿಸದೆ ಮನೆಗೆ ಹೋದ ದಿನವೇ ಇರಲಿಲ್ಲ. ನಾಲ್ಕು ವರ್ಷದಿಂದ ಕ್ಲಬ್ಬಿಗೆ ಕ್ಲಬ್ಬೇ ನೋಡಿದ ಮಾತು ಅದು. ಸಾಹೇಬರು ಮನಸ್ಸಿನಲ್ಲೇ ಒಂದು ಸಣ್ಣ ಸಿಳ್ಳೆ ಹಾಕಿದರು.

ತಕ್ಕಡಿ ಅನ್ನುವುದು ಕ್ಲಬ್ಬಿನವರು ಇಟ್ಟ ಹೆಸರು. ಅವರು ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದವರು. ತಟ್ಟೆಯ ಅಡಿಗೆ ಅಂಟಿಸಿದ ಸೀಸ, ಒಳಗೆ ಸುಳ್ಳು ತಳವಿಟ್ಟ ಅಳತೆಪಾತ್ರೆ, ಎರಡೂ ತುದಿ ಸವೆಸಿದ ಮೀಟರು ಕೋಲು, ಇವನ್ನೆಲ್ಲ ಹಿಡಿದೂ ಹಿಡಿದೂ ಅವರ ಕಣ್ಣಿಗೆ ಒಂದು ಚಟ ಅಂಟಿತ್ತು. ನೌಕರಿ ಬಿಟ್ಟರೂ ಚಟ ಬಿಡಲಿಲ್ಲ. "ಇವರು ಕನ್ನಡಿ ನೋಡ್ಕೊಂಡ್ರೂ ಹಿಂದೆ ಯಾರಿದ್ದಾರೆ ಅಂತ ಒಂದ್ಸಲ ತಿರುಗಿ ನೋಡ್ತಾರೆ" ಎಂದು ಹೆಂಡತಿ ನೆಂಟರೆದುರೇ ಹೇಳಿ ನಗುತ್ತಿದ್ದಳು.

ಹೆಂಡತಿಯ ತಂಗಿಯ ಗಂಡನೇ ಈ ಷಡ್ಡಕ. ಹಲ್ಲಿನ ಡಾಕ್ಟರು. ತನ್ನ ಹೆಂಡತಿ ಕರೆಯುವುದನ್ನು ಕೇಳಿ ಕೇಳಿ ತಾನೂ ಸಾಹೇಬರನ್ನು "ಭಾವ" ಎಂದೇ ಕರೆಯುತ್ತಿದ್ದ. ಯಾವಾಗಲೂ ನಗುಮುಖ. ಸದಾ ನಗುವ ಅಂಗಡಿಯವನ ತಕ್ಕಡಿಯನ್ನು ಎರಡು ಸಲ ಪರೀಕ್ಷಿಸಬೇಕು ಎಂಬುದು ಸಾಹೇಬರ ಅನುಭವ.

ಬರುವ ವಾರ ಹೊರಊರಿನ ಪಂದ್ಯಕ್ಕೆ ಹೋಗುವ ಕ್ಲಬ್ಬಿನ ಹಿರಿಯರ ತಂಡಕ್ಕೆ ಎಂಟು ಜನ ಬೇಕು. ಏಳು ಜನ ಆಗಿದ್ದರು. ಎಂಟನೆಯ ಜಾಗಕ್ಕೆ ಇವತ್ತು ಇವರಿಬ್ಬರ ನಡುವೆ ತೀರ್ಮಾನ. ಮೂರು ವರ್ಷ ಒಂಬತ್ತನೆಯವರಾಗಿ ನಿಂತು ತಂಡದ ಬಸ್ಸಿಗೆ ಕೈ ಬೀಸಿದವರು ಸಾಹೇಬರು. ಬರುವ ತಿಂಗಳು ಅವರ ಎರಡೂ ಮಂಡಿಗೆ ಆಪರೇಷನ್. ಆಮೇಲೆ ಹದಿನೆಂಟು ಹೋಲು ನಡೆಯುವ ಆಸೆ ಬಿಟ್ಟುಬಿಡಿ ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದ. ಈ ಸಲ ತಪ್ಪಿದರೆ ಶಾಶ್ವತವಾಗಿ ತಪ್ಪಿದಂತೆಯೇ.

ಈ ಆಟದಲ್ಲಿ ಪ್ರತ್ಯೇಕ ಅಂಪೈರು ಜೊತೆಗೆ ನಡೆಯುವುದಿಲ್ಲ. ನನ್ನ ಏಟನ್ನು ನೀನು ಬರೆ, ನಿನ್ನದನ್ನು ನಾನು ಬರೆಯುತ್ತೇನೆ, ಕೊನೆಗೆ ಇಬ್ಬರೂ ನೋಡಿ ಸಹಿ ಹಾಕಿ ಕೊಡೋಣ, ಇಷ್ಟೇ. ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಆಟದಿಂದಲೇ ಹೊರಗೆ, ಹೆಸರು ನೋಟಿಸ್ ಬೋರ್ಡಿಗೆ. ಹೆಚ್ಚು ಬರೆದು ಸಹಿ ಹಾಕಿದರೆ ಆ ಹೆಚ್ಚೇ ಕಾಯಂ. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಊರಿಗೆ ಹೋಗುವ ಪದ್ಧತಿ ಇದು ಎಂದು ಸಾಹೇಬರು ಮೊದಲಿನಿಂದಲೂ ಗೊಣಗುತ್ತಿದ್ದರು.

ಹದಿನೈದನೇ ಹೋಲಿನಲ್ಲಿ ಷಡ್ಡಕನ ಮೊದಲ ಏಟು ಸೊಟ್ಟಗೆ ಹಾರಿ ಬಲಗಡೆಯ ಮರಗಳೊಳಗೆ ಬಿತ್ತು. ಶುರುವಾಯಿತು ಎಂದುಕೊಂಡರು ಸಾಹೇಬರು. ಆದರೆ ಅವನು ಮರಗಳ ಹಿಂದೆ ಹೋಗಿ ಹತ್ತು ಎಣಿಸುವಷ್ಟರಲ್ಲಿ "ಸಿಕ್ತು ಭಾವ!" ಎಂದು ಕೂಗಿದ. ಚೆಂಡು ಎಲೆಗಳ ನಡುವಿನಿಂದ ಹೊರಗೆ ಬಂದು ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ, ಅಂದರೆ ಗ್ರೀನಿನ, ಅಂಚಿನಲ್ಲಿ ನಿಂತಿತು. ಅಲ್ಲಿಂದ ಎರಡೇ ಏಟು. ಒಟ್ಟು ನಾಲ್ಕು.

ಸಾಹೇಬರ ಕಿವಿ ನೆಟ್ಟಗಾಯಿತು. ಅಷ್ಟು ಬೇಗ ಹೇಗೆ ಸಿಕ್ಕಿತು? ಪ್ಯಾಂಟಿನ ಹರಿದ ಜೇಬಿನಿಂದ ಕಾಲಗುಂಟ ಇನ್ನೊಂದು ಚೆಂಡು ಇಳಿಸುವ ಕಳ್ಳಾಟ ಅವರು ಕೇಳದ್ದೇನಲ್ಲ. ಚಪ್ಪಾಳೆ ತಟ್ಟಬೇಕಾದ ಏಟಿಗೆ ಹುಬ್ಬು ಗಂಟಿಕ್ಕಿ, ಮೂತ್ರಕ್ಕೆ ಹೋಗುವ ನೆಪದಲ್ಲಿ ಮರಗಳ ಹಿಂದೆ ಹೋಗಿ ನೋಡಿಬಂದರು. ಒಣ ಎಲೆ, ಒಂದು ಶೂ ಗುರುತು, ಹುಲ್ಲು ಕಿತ್ತ ಒಂದು ಜಾಗ. ಎಲ್ಲ ಸರಿಯಾಗಿತ್ತು. ಅದೇ ಅವರಿಗೆ ಸರಿಬರಲಿಲ್ಲ. ತಪ್ಪೇ ಇಲ್ಲದ ತಕ್ಕಡಿಯನ್ನು ಅವರು ನೌಕರಿಯಲ್ಲಿ ಎಷ್ಟು ಕಂಡಿದ್ದರು? ಈ ತನಿಖೆಯ ನಡುವೆ ತಾವೂ ಅದೇ ಹೋಲನ್ನು ನಾಲ್ಕು ಏಟಿನಲ್ಲಿ ಮುಗಿಸಿದ್ದನ್ನು ಅವರು ಗಮನಿಸಲೂ ಇಲ್ಲ.

ಹದಿನಾರನೆಯದು ಚಿಕ್ಕ ಹೋಲು, ನಡುವೆ ಒಂದು ಹೊಂಡ. ಷಡ್ಡಕನ ಚೆಂಡು ಸೀದಾ ಹೊಂಡದ ಕಡೆಗೇ ಇಳಿಯಿತು, ಆದರೆ ದಡದ ಕಲ್ಲಿಗೆ ಬಡಿದು ಮೇಲೆದ್ದು ಗುಂಡಿಯ ಹತ್ತಿರ ಹೋಗಿ ಕೂತಿತು. ಎರಡನೇ ಏಟಿಗೆ ಒಳಗೆ.

"ಅದೃಷ್ಟ, ಭಾವ, ಬರೀ ಅದೃಷ್ಟ!" ಎಂದು ಅವನು ನಕ್ಕ.

"ಇರಲಿ ಡಾಕ್ಟ್ರೇ. ಅದೃಷ್ಟ ಇವತ್ತು ನಿಮ್ಮ ಮನೆ ಅಳಿಯ ಆದ ಹಾಗಿದೆ."

ಕಲ್ಲಿನ ಮೇಲೆ ಸಂಶಯಪಡಲು ಅವರಿಗೂ ಕಷ್ಟವಾಯಿತು. ಆದರೂ ದಾಟುವಾಗ ಶೂ ತುದಿಯಿಂದ ಅದನ್ನೊಮ್ಮೆ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ತಮ್ಮ ಮೂರು ಏಟನ್ನು ಯಾರೋ ಬೇರೆಯವರ ಕೆಲಸದ ಹಾಗೆ ಮುಗಿಸಿ ಷಡ್ಡಕನ ಹಿಂದೆಯೇ ನಡೆದರು. ಈಗ ಮುನ್ನಡೆ ಒಂದೇ ಏಟಿಗೆ ಇಳಿದಿತ್ತು.

ಆಗ ಅವರ ಕಣ್ಣಿಗೆ ಜೇಬು ಬಿತ್ತು. ಷಡ್ಡಕನ ಎಡಗೈ ಪ್ರತಿ ಏಟಿಗೂ ಮೊದಲು ಜೇಬಿಗೆ ಹೋಗುತ್ತಿತ್ತು. ಜೇಬು ಉಬ್ಬಿತ್ತು. ಕೈ ಹೊರಗೆ ಬರುವಾಗ ಮುಷ್ಟಿ ಬಿಗಿಯಾಗಿರುತ್ತಿತ್ತು, ಆಮೇಲೆ ಆ ಕಡೆ ತಿರುಗಿ ಏನೋ ಮಾಡಿ ಈ ಕಡೆ ತಿರುಗುತ್ತಿದ್ದ. ಸಾಹೇಬರು ಒಳಗೊಳಗೇ ಹಿಗ್ಗಿದರು. ಮೂವತ್ತೊಂದು ವರ್ಷದ ಹಳೆಯ ಸಂತೋಷ ಅದು, ಬೇಟೆ ಹತ್ತಿರ ಬಂದಾಗ ಆಗುವ ಸಂತೋಷ.

ಹದಿನೇಳನೇ ಹೋಲನ್ನು ಅವರು ಪೂರ್ತಿ ಆ ಜೇಬು ನೋಡಿಕೊಂಡೇ ಆಡಿದರು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅಂತಾರಲ್ಲ, ಹಾಗೆ. ತಮ್ಮ ಸರದಿ ಬಂದಾಗ ಚೀಲದಿಂದ ಕೈಗೆ ಸಿಕ್ಕಿದ ಕೋಲು ತೆಗೆದು ಬೀಸಿ, ಚೆಂಡು ಎಲ್ಲಿ ಹೋಯಿತೆಂದು ನೋಡುವ ಮೊದಲೇ ಮತ್ತೆ ಜೇಬಿನ ಕಡೆ ತಿರುಗುತ್ತಿದ್ದರು. ಗ್ರೀನಿನ ಮುಂದೆ ಆಟಗಾರರಿಗೆ ಅಡ್ಡಿಯಾಗಿ ಹಾಕಿದ ಮರಳನ್ನು ಕೆರೆದು ಸಮ ಮಾಡುತ್ತಿದ್ದ ಮಾಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದ. ಅದು ಷಡ್ಡಕನಿಗೆ ಕೊಟ್ಟ ಸನ್ನೆಯೇ ಇರಬೇಕು ಎಂದು ಸಾಹೇಬರು ಮಾಲಿಯನ್ನೂ ಪಟ್ಟಿಗೆ ಸೇರಿಸಿದರು. "ಭರ್ಜರಿ, ಭಾವ!" ಎಂದ ಷಡ್ಡಕ. ಅದು ಅವರಿಗೆ ಅಣಕಿಸಿದ ಹಾಗೆ ಕೇಳಿಸಿತು. ಷಡ್ಡಕನ ಕಾರ್ಡಿನಲ್ಲಿ ನಾಲ್ಕು ಎಂದು ಬರೆದರು, ಪಕ್ಕದಲ್ಲಿ ಒಂದೊಂದು ಏಟಿಗೆ ಒಂದೊಂದು ಚುಕ್ಕಿ ಇಟ್ಟರು.

ಹದಿನೆಂಟಕ್ಕೆ ನಡೆಯುವಾಗ ಅವರಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಜೇಬಲ್ಲಿ ಏನಿದೆ?"

ಷಡ್ಡಕ ನಾಚಿಕೊಂಡ. ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದ. ಒಳಗೆ ಖರ್ಜೂರ.

"ಹದಿನಾಲ್ಕು ಹೋಲು ಆದ್ಮೇಲೆ ನಂಗೆ ಹೊಟ್ಟೆ ಚುರುಗುಟ್ಟಿ ಕೈ ನಡುಗುತ್ತೆ ಭಾವ. ನಾಲ್ಕು ವರ್ಷ ಹೆದರಿಕೆ ಅಂದ್ಕೊಂಡಿದ್ದೆ. ನಿಮ್ಮ ನಾದಿನಿ ಹೇಳಿದ್ಲು, ಹೆದರಿಕೆಯೂ ಅಲ್ಲ, ಎಂಥದೂ ಅಲ್ಲ, ಹಸಿವು ಅಂತ. ಹಲ್ಲಿನ ಡಾಕ್ಟ್ರು ಸಿಹಿ ತಿನ್ನೋದು ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ ಅಂತ ಆ ಕಡೆ ತಿರುಗಿ ತಿಂತಿದ್ದೆ. ತಗೊಳ್ಳಿ, ಒಂದು."

"ಬೇಡ" ಎಂದರು ಸಾಹೇಬರು.

ಉತ್ತರ ಅಚ್ಚುಕಟ್ಟಾಗಿತ್ತು, ಹಾಗಾಗಿ ಅವರಿಗೆ ಹಿಡಿಸಲಿಲ್ಲ. ಕೊನೆಯ ಹೋಲನ್ನು ಷಡ್ಡಕ ಖರ್ಜೂರ ಅಗಿಯುತ್ತಲೇ ನಾಲ್ಕರಲ್ಲಿ ಮುಗಿಸಿದ. ಸಾಹೇಬರದು ಐದು. ಕೊನೆಯ ನಾಲ್ಕು ಹೋಲಿಗೆ ಷಡ್ಡಕ ಹದಿನಾಲ್ಕು ಏಟು ಹೊಡೆದಿದ್ದ. ಒಟ್ಟು ಎಂಬತ್ತೆರಡು.

ಆಫೀಸಿನ ಉದ್ದ ಮೇಜಿನ ಮುಂದೆ ಇಬ್ಬರೂ ಕೂತರು. ಎದುರಿಗೆ ಕ್ಲಬ್ಬಿನ ಕಾರ್ಯದರ್ಶಿ ಕನ್ನಡಕ ಒರೆಸುತ್ತಿದ್ದ. ಷಡ್ಡಕ ತಾನು ಬರೆದ ಸಾಹೇಬರ ಕಾರ್ಡನ್ನು ಅವರ ಮುಂದೆ ಸರಿಸಿದ. ಕೊನೆಯ ನಾಲ್ಕು ಮನೆಗಳಲ್ಲಿ ನಾಲ್ಕು, ಮೂರು, ಮೂರು, ಐದು ಎಂದಿತ್ತು. ಸಾಹೇಬರು ಕೂಡಿದರು. ಎಂಬತ್ತೊಂದು. ಒಂದು ಏಟಿನಿಂದ ಎಂಟನೆಯ ಜಾಗ ಅವರದೇ!

ಸಹಿ ಹಾಕಲು ಪೆನ್ನು ಎತ್ತಿದವರು ಮತ್ತೊಮ್ಮೆ ಕಾರ್ಡು ನೋಡಿದರು. ಹದಿನೇಳರಲ್ಲಿ ಮೂರೇ? ಆ ಹೋಲಿನಲ್ಲಿ ಅವರು ಈ ಜನ್ಮದಲ್ಲಿ ಮೂರು ಹೊಡೆದವರಲ್ಲ. ಅವರ ಕ್ರಮವೇ ಬೇರೆ. ಒಂದು ದೂರಕ್ಕೆ, ಒಂದು ಮರಳಿನ ಮುಂದಕ್ಕೆ, ಒಂದು ಗ್ರೀನಿಗೆ, ಒಂದು ಗುಂಡಿಗೆ. ತೀರಾ ಚೆನ್ನಾಗಿ ಆಡಿದರೆ ನಾಲ್ಕು. ಇವತ್ತಿನ ಏಟುಗಳನ್ನು ನೆನಪಿಸಿಕೊಳ್ಳಲು ನೋಡಿದರು. ಕಣ್ಣ ಮುಂದೆ ಬಂದದ್ದು ಷಡ್ಡಕನ ಜೇಬು ಮಾತ್ರ. ಅವನು ಎಷ್ಟು ಸಲ ಕೈ ಹಾಕಿದ, ಯಾವ ಕಡೆ ತಿರುಗಿದ, ಎಲ್ಲ ಗೊತ್ತು. ತಮ್ಮದು ಒಂದೂ ಗೊತ್ತಿಲ್ಲ.

ಆಗ ಅವರಿಗೆ ಇಡೀ ಸಂಚು ಅರ್ಥವಾಯಿತು. ತಾನು ಸೋಲುವ ಅಂಕಿಯನ್ನು ಯಾವನಾದರೂ ತನ್ನ ಕೈಯಾರೆ ಬರೆಯುತ್ತಾನೆಯೇ? ಇದು ಗಾಳ. ಆಸೆಬಿದ್ದು ಸಹಿ ಹಾಕಿದರೆ, ಮರುಗಳಿಗೆ ಷಡ್ಡಕ ಕಾರ್ಯದರ್ಶಿಗೆ "ಛೇ, ನಾಲ್ಕಲ್ಲವೇ ಅದು" ಅನ್ನುತ್ತಾನೆ. ತಕ್ಕಡಿ ಸಾಹೇಬರೇ ತೂಕದಲ್ಲಿ ಮೋಸ ಮಾಡಿದರು ಎಂದು ನೋಟಿಸ್ ಬೋರ್ಡಿನಲ್ಲಿ! ನಾಲ್ಕೆಂದರೆ ಎಂಬತ್ತೆರಡು, ಸಮ. ಸಮ ಬಂದರೆ ಕೊನೆಯ ನಾಲ್ಕು ಹೋಲು ಚೆನ್ನಾಗಿ ಆಡಿದವನಿಗೆ ಜಾಗ, ಅಂದರೆ ಷಡ್ಡಕನಿಗೆ. ಅದೂ ಗೊತ್ತಿತ್ತು. ಜಾಗ ಹೋಗಲಿ, ಮಾನ ಉಳಿಯಲಿ ಎಂದು ಹಲ್ಲು ಕಚ್ಚಿದರು.

"ಹದಿನೇಳು ತಪ್ಪಿದೆ. ನಾಲ್ಕು ಮಾಡಿ" ಎಂದರು.

"ಇಲ್ಲ ಭಾವ, ಮೂರೇ."

"ನಾಲ್ಕು."

"ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ಭಾವ. ಸರಿಯಾಗಿ ಜ್ಞಾಪಿಸ್ಕೊಳ್ಳಿ."

"ನನ್ನ ಏಟು ನಂಗೆ ಗೊತ್ತಿಲ್ವಾ ಡಾಕ್ಟ್ರೇ? ಮೂವತ್ತೊಂದು ವರ್ಷ ಅಳತೆ ಮಾಡಿದೋನು ನಾನು. ನಾಲ್ಕು ಅಂದ್ರೆ ನಾಲ್ಕು!"

ಕಾರ್ಯದರ್ಶಿ ತಲೆಯೆತ್ತಿದ. ಷಡ್ಡಕ ಸಾಹೇಬರ ಕೆಂಪು ಮುಖ ನೋಡಿದ. ಮೂರನ್ನು ಹೊಡೆದು ಹಾಕಿ ನಾಲ್ಕು ಬರೆದ. ಸಾಹೇಬರು ಮೇಲಿಂದ ಕೆಳಗೆ ಎರಡು ಸಲ ಓದಿ ದಪ್ಪಗೆ ಸಹಿ ಹಾಕಿದರು. ಷಡ್ಡಕನ ಕಾರ್ಡಿಗೂ ಹಾಕಿದರು, ಚುಕ್ಕಿಗಳಲ್ಲಿ ಹುಳುಕು ಸಿಕ್ಕಿರಲಿಲ್ಲವಲ್ಲ. ಕಾರ್ಯದರ್ಶಿ ಎರಡನ್ನೂ ತೆಗೆದುಕೊಂಡು, ಕೂಡಿ, ಎಂಟನೆಯ ಸಾಲಿನಲ್ಲಿ ಡಾಕ್ಟರ ಹೆಸರು ಬರೆದ. ಗಾಳ ಕಚ್ಚದೆ ತಪ್ಪಿಸಿಕೊಂಡ ಮೀನಿನ ಹೆಮ್ಮೆಯಿಂದ ಸಾಹೇಬರು ಎದ್ದು ನಿಂತರು.

ಬಾಗಿಲಲ್ಲಿ ಮಾಲಿ ಎದುರಾದ. ಕೆಲಸ ಮುಗಿಸಿ ಸಲಿಕೆ ಒಪ್ಪಿಸಲು ಬಂದಿದ್ದ.

"ಸಾಹೇಬ್ರೇ, ಏನ್ ಹೊಡೆದ್ರಿ ಹದಿನೇಳರಲ್ಲಿ! ಎರಡನೇ ಏಟು ಮರಳಿನ ಮೇಲಿಂದ ಹಾರಿ ಗ್ರೀನಿಗೇ ಬಂತು. ಆಮೇಲೆ ಅಷ್ಟು ದೂರದಿಂದ ಒಂದೇ ಏಟಿಗೆ ಗುಂಡಿಗೆ! ಇಲ್ಲಿ ಇಪ್ಪತ್ತು ವರ್ಷ ಹುಲ್ಲು ನೋಡ್ಕೊಂಡಿದ್ದೀನಿ, ಅಲ್ಲಿ ಮೂರು ಹೊಡೆದೋರನ್ನ ನಾನು ಕಂಡಿದ್ದು ಕಮ್ಮಿ. ನೀವು ತಿರುಗಿ ಕೂಡ ನೋಡ್ಲಿಲ್ಲ. ಚಪ್ಪಾಳೆ ತಟ್ಟಿದ್ದು ನಾನೇ."

ಸಾಹೇಬರು ಹಿಂದಕ್ಕೆ ತಿರುಗಿದರು. ಬಿರಬಿರನೆ ಮೇಜಿನ ಹತ್ತಿರ ಬಂದರು.

"ಒಂದು ತಿದ್ದುಪಡಿ..."

ಕಾರ್ಯದರ್ಶಿ ಮೆತ್ತಗೆ ತಲೆಯಾಡಿಸಿದ. "ಕೈಗೆ ಕೊಟ್ಟಾಯ್ತಲ್ಲ ಸಾಹೇಬ್ರೇ. ಹೆಚ್ಚು ಬರೆದ್ರೆ ಹೆಚ್ಚೇ ಲೆಕ್ಕ. ನಿಯಮ ನಿಮಗೆ ಗೊತ್ತಿಲ್ಲದ್ದಾ?"

ಷಡ್ಡಕ ಇನ್ನೂ ಕುರ್ಚಿಯಲ್ಲೇ ಕೂತಿದ್ದ. ಎಂಟನೆಯವನಾದ ಖುಷಿ ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ. ಸಾಹೇಬರು ಅವನ ಎದುರು ಕೂತರು. ಮಂಡಿ ನೋಯುತ್ತಿತ್ತು. ನಾಚಿಕೆಯಿಂದ ಅವರಿಗೆ ಅವನ ಮುಖ ನೋಡಲಾಗಲಿಲ್ಲ.

"ಮೂರು ಅಂತ ಬರೆದ್ರೆ ನಿನಗೆ ಜಾಗ ಇಲ್ಲ ಅಂತ ಗೊತ್ತಿತ್ತಲ್ಲ" ಎಂದರು. ಡಾಕ್ಟ್ರೇ ಎನ್ನುವುದು ಬಾಯಿಗೆ ಬರಲಿಲ್ಲ. "ಆದ್ರೂ ಯಾಕಪ್ಪಾ ಬರೆದೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೀವು ಮೂರು ಹೊಡೆದ್ರಲ್ಲ ಭಾವ" ಎಂದ. "ಮತ್ತೇನು ಬರೀಲಿ?"