ಹಲ್ಲಿಲ್ಲದ ಜಾಗದ ನೋವು

ಕಾಲ ಕೆಳಗೆ ಮಷಿನ್ನಿನ ಕರಿ ಪಟ್ಟಿ ಹಿಂದಕ್ಕೆ ಸರಿಯುತ್ತಿದೆ, ನಾನು ಮುಂದಕ್ಕೆ ನಡೆಯುತ್ತಿದ್ದೇನೆ, ಆದರೂ ಗೋಡೆ ಹತ್ತಿರ ಬರುತ್ತಿಲ್ಲ — ಇಷ್ಟು ನಡೆದಿದ್ದರೆ ಕುಲಗೋಡದಲ್ಲಿ ನಮ್ಮ ಹೊಲ ದಾಟಿ ಹೋಗುತ್ತಿದ್ದೆ — ಎದೆಗೆಲ್ಲ ತಂತಿ ಅಂಟಿಸಿದ್ದಾರೆ, ಮೈಮೇಲೆ ಮಗಳ ಚೂಡಿದಾರ, ಈ ವಯಸ್ಸಿಗೆ ಚೂಡಿದಾರ, ನಮ್ಮವರು ನೋಡಿ ನಕ್ಕರು, ಏನ್ ರಾಜಮತಿ, ಕಾಲೇಜಿಗೆ ಹೆಸರ ಹಚ್ಚಾಕ ಹೊಂಟಿಯೇನ, ಲಗೂನ ನಾರ್ಮಲ್ ಅನಿಸ್ಕೊಂಡ ಬಾ, ಹೊತ್ತ ಮುಳುಗೂದ್ರಾಗ ಮನಿ ಮುಟ್ಟಿ ಉಣ್ಣೂಣು — ಹೊರಗೆ ಬಾಕಿನ ಮೇಲೆ ಕುಳಿತಿದ್ದಾರೆ, ನನಗೂ ಅದೇ ಬೇಕು, ಪಾಸಾಗಬೇಕು, ಅದಕ್ಕೇ ಹೇಳುತ್ತಿಲ್ಲ. ಪಟ್ಟಿ ಜೋರಾದಾಗಲೇ ಅದು ಶುರುವಾಗಿದೆ, ಎದೆಯಲ್ಲಲ್ಲ, ಎಡ ದವಡೆಯಲ್ಲಿ, ಬೇಸಿಗೆಯಲ್ಲಿ ಕೊಡ ಎತ್ತಿದಾಗ ನೋವು ಹಿಡಿದ ಜಾಗದಲ್ಲೇ, ಹಲ್ಲಿಂದು ಎಂದುಕೊಂಡು ಮೂಡಲಗಿಗೆ ಹೋಗಿ ಕೀಳಿಸಿಕೊಂಡು ಬಂದೆ, ಹಲ್ಲು ಹೋಯಿತು, ನೋವು ಉಳಿಯಿತು, ಹಲ್ಲಿಲ್ಲದ ಜಾಗ ನೋಯುತ್ತದೆ ಅಂದರೆ ಯಾರು ನಂಬುತ್ತಾರೆ — ಇನ್ನೊಬ್ಬ ಡಾಕ್ಟರು ತಲೆ ಎತ್ತದೆ ಗ್ಯಾಸಿನ ಗುಳಿಗೆ ಬರೆದರು, ಈ ವಯಸ್ಸಿನ್ಯಾಗ ಹೆಣ್ಮಕ್ಕಳಿಗೆ ಹಿಂಗ ಅಕ್ಕೈತಿ ಅಕ್ಕಾರ — ಮೈದುನ ವೃಷಭನಿಗೆ ಎದೆ ಹಿಡಿದಾಗ ಮಾತ್ರ ತಕ್ಷಣ ಜೀಪು ಬಂತು, ಅರ್ಧ ಓಣಿ ಬೆಳಗಾವಿಗೆ ಓಡಿತು, ಅವನು ಬದುಕಿದ, ಒಳ್ಳೆಯದೇ ಆಯಿತು, ನನ್ನ ಪಾಲಿಗೆ ಗ್ಯಾಸಿಗೆಂದು ಸೋಡಾ.

ಕಾಕೂ, ಸುಸ್ತ ಆತೇನ್ರಿ? ಕೇಳಿದ್ದು ಡಾಕ್ಟರ್ ಸೋನಾಲಿ, ಹೆಂಗಸರ ಎದೆನೋವಿನ ಸಂಶೋಧನೆಗೆಂದು ಬೆಳಗಾವಿಯಿಂದ ಗೋಕಾಕಕ್ಕೆ ಬರುವ ಹುಡುಗಿ, ಮೊದಲೇ ಹೇಳಿದ್ದಳು, ನಮ್ಮ ಪುಸ್ತಕದಾಗ ಇದ್ದದ್ದೆಲ್ಲಾ ಭಾಳ ಮಟ್ಟಿಗೆ ಗಂಡಸರ ನೋವ ಕಾಕೂ, ಹೆಂಗಸರದು ಮಷಿನ್ನಿಗೂ ಒಮ್ಮೊಮ್ಮಿ ಖರೆ ತಿಳಿಯೂದಿಲ್ಲ, ಏನಾರ ಆದ್ರ ನೀವ ಹೇಳಬೇಕು. ಏನಿಲ್ರಿ ಅಂದೆ. ಪರದೆ ಮ್ಯಾಲಿನ ಗೆರಿ ಚಲೋ ಐತ್ರಿ ಮೇಡಂ, ಮಷಿನ್ನು ನಡೆಸುವ ಯಲ್ಲಪ್ಪ ಅಂದ, ಕಾಕೂ ಗಂಡಸರಕಿಂತ ಗಟ್ಟಿ ಅದಾರ — ನಾನು ಹಿಗ್ಗಿದೆ, ಪಟ್ಟಿ ಏರಾಯಿತು, ದವಡೆ ಹಿಂಡುತ್ತಿದೆ, ಭುಜಕ್ಕಿಳಿಯುತ್ತಿದೆ, ಪಾಸಾದರೆ ಈ ನೋವೂ ನನ್ನ ಜೊತೆ ಬಸ್ಸು ಹತ್ತುತ್ತದೆ, ಮನೆಗೆ ಬರುತ್ತದೆ, ಒಂದು ದಿನ ಒಲೆಯ ಮುಂದೆ — ಬೇಡ — ಹೊರಗೆ ಕಬ್ಬು ಕಡಿಯುವ ಕಾಡವ್ವ ಕೂತಿದ್ದಾಳೆ, ನನ್ನ ನಂತರ ಅವಳ ಪಾಳಿ, ನಾನು ಒಳಗೆ ಬರುವಾಗ ಕೇಳಿದ್ದಳು, ನಂಗ ಬೆನ್ನಾಗ ಬರತೈತಿ ಅಕ್ಕಾ, ಬೆನ್ನ ಅಂದ್ರ ನಗತಾರೇನ, ನೀ ಏನಂತ ಹೇಳ್ತಿ? ನಾನು ಏನಂತ ಹೇಳುತ್ತೇನೆ —

ಮೇಡಂ, ಹಲ್ಲ ಇಲ್ರಿ ಅಲ್ಲಿ, ಆದ್ರೂ ಅಲ್ಲೇ ನೋಯಾಕತ್ತೈತಿ.

ಯಲ್ಲಪ್ಪ ನಕ್ಕ, ಸೋನಾಲಿ ನಗಲಿಲ್ಲ, ಗುಂಡಿ ಒತ್ತಿದಳು, ಪಟ್ಟಿ ನಿಧಾನ, ಇನ್ನೂ ನಿಧಾನ, ನನ್ನನ್ನು ಮಲಗಿಸಿದರು, ನಾಲಿಗೆಯಡಿ ಸಣ್ಣ ಗುಳಿಗೆ, ಕರಗುತ್ತಿದೆ, ದವಡೆ ಸಡಿಲಾಗುತ್ತಿದೆ, ಅದು ಹಲ್ಲಿಂದಲ್ಲ ಕಾಕೂ, ಎದಿದ ಇದ್ದಂಗ ಐತಿ, ಇನ್ನೂ ನೋಡ್ತೀವಿ, ಔಷಧ ಐತಿ ಅದಕ್ಕ, ಚಲೋ ಆತು ಹೇಳಿದ್ರಿ — ಹೊರಗಿನಾಕಿಗೆ ಬೆನ್ನಾಗ ಬರತೈತ್ರಿ, ಆಕಿದೂ ಕೇಳ್ರಿ — ಕೇಳ್ತೀನಿ, ಮೊದಲ ನಿಮ್ದು, ಎಲ್ಲಿಂದ ಶುರು ಆತು — ಅವಳು ಗೆರೆ ನೋಡುತ್ತಿಲ್ಲ, ಬರೆಯುತ್ತಲೂ ಇಲ್ಲ, ಮುಖ ಇತ್ತ ತಿರುಗಿದೆ, ಮುಂದ ಹೇಳ್ರಿ ಕಾಕೂ, ಇತ್ತ ತಿರುಗಿದ ಮುಖ, ಮುಂದ, ಇತ್ತಲೇ ತಿರುಗಿದ ಆ ಮುಖ