ಕಟ್ಟಲು ಒಂದು ಮರ

ಧಮ್ಮಶೀಲಾಗೆ ಸಿಟ್ಟು ಬಂದದ್ದು ಹೋದ ಮಳೆಗಾಲದಲ್ಲಿ. ಈ ಮಳೆಗಾಲ ಬಂದರೂ ಅದು ಇಳಿದಿರಲಿಲ್ಲ.

ನಾರಾಯಣಖೇಡದಿಂದ ಊರಿಗೆ ಬರುವ ಮಣ್ಣುದಾರಿಯಲ್ಲಿ, ಹಳ್ಳ ದಾಟಿದ ಕೂಡಲೇ, ಅವಳ ಹಳೆಯ ಜೀಪು ಎರೆಮಣ್ಣಿನಲ್ಲಿ ಹೂತುಕೊಂಡಿತ್ತು. ಹಿಂದೆ ಕೂಲಿ ಮುಗಿಸಿ ಬರುತ್ತಿದ್ದ ಹೆಂಗಸರು ತುಂಬಿಕೊಂಡಿದ್ದರು. ಎಳೆಯಲು ಹತ್ತಿರದಲ್ಲಿದ್ದದ್ದು ಶಿವಶಂಕರಪ್ಪನ ಟ್ರ್ಯಾಕ್ಟರ್ ಒಂದೇ. ಅವಳ ಅಪ್ಪ ಬಕ್ಕಪ್ಪ ಅವನ ಹೊಲದ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಅಂಗಳದಲ್ಲಿ ಕೈಮುಗಿದು ನಿಂತ. ಶಿವಶಂಕರಪ್ಪ ಇಲ್ಲ ಅನ್ನಲಿಲ್ಲ. ಅವನು ಯಾರಿಗೂ ಇಲ್ಲ ಅನ್ನುವ ಮನುಷ್ಯನೇ ಅಲ್ಲ. ನಿಧಾನಕ್ಕೆ ಊಟ ಮುಗಿಸಿದ, ಎಲೆ ಅಡಿಕೆ ಹಾಕಿಕೊಂಡ, ಫೋನಿನಲ್ಲಿ ಯಾರದೋ ಮದುವೆಯ ಮಾತಾಡಿದ. ಅಷ್ಟೂ ಹೊತ್ತು ಅಪ್ಪ ಮಳೆಯಲ್ಲಿ, ಮುಗಿದ ಕೈ ಬಿಡದೆ ನಿಂತಿದ್ದ. ಆಮೇಲೆ ಟ್ರ್ಯಾಕ್ಟರ್ ಬಂತು, ಜೀಪು ಮೇಲೆದ್ದಿತು.

ಜೀಪು ಅವಳದು, ಓಡಿಸಿದವಳೂ ಅವಳೇ, ಕೆಸರಿಗೆ ಇಳಿಸಿದವಳೂ ಅವಳೇ. ಕೈಮುಗಿಯುವ ಕೆಲಸ ಮಾತ್ರ ಅಪ್ಪನದು ಯಾಕೆ? ಕೇಳಿದರೆ ಅಪ್ಪ, "ಎಳ್ದು ಕೊಟ್ಟಾರಲ್ಲವ್ವಾ, ಮತ್ತೇನ ಬೇಕು," ಅಂದ. ಆ ಮಾತಿಗೆ ಅವಳಿಗೆ ಶಿವಶಂಕರಪ್ಪನಿಗಿಂತ ಅಪ್ಪನ ಮೇಲೇ ಹೆಚ್ಚು ಸಿಟ್ಟು ಬಂತು.

ಹಾಗೆ ಬಂದದ್ದು ವಿಂಚು. ತಮ್ಮ ನರೇಶ ಜಹೀರಾಬಾದಿನ ಗುಜರಿಯಲ್ಲಿ ಹುಡುಕಿ ತಂದದ್ದು. ಉಕ್ಕಿನ ಹಗ್ಗ ಸುತ್ತಿದ ಒಂದು ಉರುಳೆ, ಅದನ್ನು ತಿರುಗಿಸಲು ಒಂದು ಮೋಟರು. ಹಗ್ಗದ ತುದಿಯ ಕೊಂಡಿಯನ್ನು ಮುಂದೆ ಎಲ್ಲಿಗಾದರೂ ಕಟ್ಟಿ ಗುಂಡಿ ಒತ್ತಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಬರಬೇಕು. ಯಾರ ಹಂಗೂ ಇಲ್ಲ.

ಮನೆಯ ಮುಂದಿನ ಹುಣಸೆಮರದ ನೆರಳಿನಲ್ಲಿ ಕೆಲಸ ಶುರುವಾಯಿತು. ನರೇಶ ಬಂಪರನ್ನು ತಟ್ಟಿ ನೋಡಿದ.

"ಇದಕ್ಕೇ ಬೋಲ್ಟ್ ಹಾಕಿ ಕೂಡಸೋಣಕ್ಕಾ. ಜಲ್ದಿ ಆಗ್ತದ."

"ಜೀಪು ಕೆಸರಾಗೇ ಉಳ್ದು ಖಾಲಿ ಬಂಪರ್ ಬಂದ್ರ ಅದನ್ನ ಹೊತ್ಕೊಂಡು ಮನಿಗಿ ಬರ್ತೀಯೇನು? ಚಾಸಿಗಿ ಹಾಕು."

ಗಾಡಿಯ ಭಾರ ಹೊರುವ ಅಡಿಚೌಕಟ್ಟಿಗೆ, ಚಾಸಿಗೇ ಹಾಕಿದರು. ದಪ್ಪ ಕಬ್ಬಿಣದ ಹಲಗೆಯನ್ನು ಎರಡೂ ಕಡೆ ಚಾಸಿಗೆ ಕೂಡಿಸಲು ತೂತು ಕೊರೆಯುವಷ್ಟರಲ್ಲಿ ಬಾಡಿಗೆ ಡ್ರಿಲ್ಲಿನ ಮೂತಿ ಮುರಿಯಿತು. ಹೊಸದು ತಂದರು. ಬೋಲ್ಟು ಬಿಗಿಯುವಾಗ ಪಾನಾ ಜಾರಿ ಧಮ್ಮಶೀಲಾಳ ಗೆಣ್ಣು ಸುಲಿಯಿತು, ಅವಳು ಬೋಲ್ಟಿನ ವಂಶವನ್ನೆಲ್ಲ ಜಾಲಾಡಿದಳು. ಬ್ಯಾಟರಿಯಿಂದ ಎಳೆದ ದಪ್ಪ ವೈರು ಎಲ್ಲೂ ಉಜ್ಜದಂತೆ ನರೇಶ ಹಳೆಯ ಟ್ಯೂಬು ಸುತ್ತಿದ. ಕೊನೆಗೆ ಜೀಪನ್ನು ಬೇಕೆಂದೇ ಚರಂಡಿಗೆ ಇಳಿಸಿ, ಕೊಂಡಿಯನ್ನು ಹುಣಸೆಮರಕ್ಕೆ ಕಟ್ಟಿ, ಗುಂಡಿ ಒತ್ತಿದರು. ಮೋಟರು ನರಳಿತು, ಹಗ್ಗ ಬಿಗಿಯಿತು, ಜೀಪು ಮೆಲ್ಲಗೆ ಚರಂಡಿಯಿಂದ ಎದ್ದು ಬಂತು. ಓಣಿಗೆ ಓಣಿಯೇ ನಿಂತು ನೋಡಿತು.

"ಇನ್ನ ನೀ ಯಾರ ಮನಿ ಮುಂದೂ ನಿಂದ್ರಬ್ಯಾಡಪ್ಪಾ," ಅಂದಳು. ಅಪ್ಪ ಹಗ್ಗವನ್ನು ಮುಟ್ಟಿ ನೋಡಿ ತಲೆಯಾಡಿಸಿದ.

ಮಳೆ ಹಿಡಿದ ವಾರದಲ್ಲೇ ಜೀಪು ಅದೇ ಜಾಗದಲ್ಲಿ ಮತ್ತೆ ಹೂತಿತು. ಹಿಂದೆ ಅದೇ ಹೆಂಗಸರು, ಪಕ್ಕದಲ್ಲಿ ಅಪ್ಪ. ಧಮ್ಮಶೀಲಾಗೆ ಒಳಗೊಳಗೇ ಖುಷಿಯಾಯಿತು ಅಂದರೂ ತಪ್ಪಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಕೆಸರಿಗೆ ಇಳಿದಳು, ಕೊಂಡಿ ಹಿಡಿದು ಹಗ್ಗ ಬಿಚ್ಚುತ್ತ ಮುಂದೆ ನಡೆದಳು. ನಡೆದು ಸುತ್ತಲೂ ನೋಡಿದಳು. ಕಟ್ಟಲು ಏನೂ ಇರಲಿಲ್ಲ.

ಎರಡೂ ಕಡೆ ತೊಗರಿ ಹೊಲ. ಇದ್ದದ್ದು ಬದುವಿನ ಮೇಲಿನ ಒಂದು ಬೇವಿನಮರ, ಅದು ಶಿವಶಂಕರಪ್ಪನದು. ಮನೆಯ ಮುಂದೆ ಚಾಸಿ ನೋಡಿದ್ದರು, ಬೋಲ್ಟು ನೋಡಿದ್ದರು, ವೈರು ನೋಡಿದ್ದರು. ಹುಣಸೆಮರ ತಮ್ಮದು ಅನ್ನುವುದನ್ನು ಒಬ್ಬರೂ ನೋಡಿರಲಿಲ್ಲ. ದಾರಿಯುದ್ದಕ್ಕೂ ಇರುವ ಮರಗಳೆಲ್ಲ ಇನ್ನೊಬ್ಬರವು. ತನ್ನ ಬುದ್ಧಿಗೆ ಏನು ಬಡಿದಿತ್ತೋ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಆದದ್ದಾಗಲಿ ಎಂದು ಅವಳು ಬೇವಿನಮರದ ಕಡೆಗೇ ಹೆಜ್ಜೆ ಹಾಕಿದಳು. ಬದುವಿನ ಮೇಲೆ ಛತ್ರಿ ಹಿಡಿದು ಶಿವಶಂಕರಪ್ಪ ಆಗಲೇ ಬಂದು ನಿಂತಿದ್ದ.

"ಏನದು, ಮಷೀನ್ ಹಾಕ್ಸೀಯಂತ," ಅಂದ. "ಚಲೋ ಆತು. ಆದ್ರ ಆ ಮರಕ್ಕ ಮಾತ್ರ ಕಟ್ಟಬ್ಯಾಡ. ತೊಗಟಿ ಸುಲೀತದ."

"ನಡುವ ಗೋಣಿಚೀಲ ಇಟ್ಟು ಕಟ್ತೀನ್ರಿ."

"ಬ್ಯಾಡ ಅಂದ್ನಲ್ಲ. ಟ್ರ್ಯಾಕ್ಟರ್ ಅದ. ನಿಮ್ಮಪ್ಪಗ ಮನಿಗಿ ಬರಾಕ ಹೇಳು. ನಾ ಯಾವಾಗರ ಇಲ್ಲ ಅಂದೀನೇನು?"

ಅವಳು ತಿರುಗಿ ನೋಡಿದಳು. ಅಪ್ಪ ಆಗಲೇ ಜೀಪಿನಿಂದ ಇಳಿದು, ದಾರಿಯ ಅಂಚಿನಲ್ಲಿ ಚಪ್ಪಲಿ ಬಿಡುತ್ತಿದ್ದ. ಒಂದು ಕಾಲು ಬರಿದಾಗಿತ್ತು.

"ಯಪ್ಪಾ, ಅಲ್ಲೇ ನಿಂದ್ರು," ಅಂದಳು. ಆಮೇಲೆ ಶಿವಶಂಕರಪ್ಪನ ಕಡೆ ತಿರುಗಿದಳು. "ಮರ ನಿಮ್ದು. ಬದು ನಿಮ್ದು. ಹೊಲ ನಿಮ್ದು. ಈ ದಾರಿ ಯಾರ್ದುರಿ?"

"ದಾರಿ ಸರ್ಕಾರದ್ದು."

"ಹಂಗಾರ ಸರ್ಕಾರದ ದಾರ್ಯಾಗೇ ಹೂಳ್ತೀನಿ."

ಏನನ್ನು ಹೂಳುವುದು ಎಂದು ಆ ಮಾತಾಡುವಾಗ ಅವಳಿಗೂ ಗೊತ್ತಿರಲಿಲ್ಲ. ಸಿಟ್ಟಿನಿಂದ ಜೀಪಿನ ಹಿಂದಕ್ಕೆ ಬಂದು ನಿಂತಾಗ ಕಣ್ಣಿಗೆ ಬಿದ್ದದ್ದು ಸ್ಟೆಪ್ನಿ, ಹಿಂದೆ ನೇತುಹಾಕಿದ್ದ ಆ ಹೆಚ್ಚುವರಿ ಗಾಲಿ. ಬಿಚ್ಚಿ ಕೆಳಗಿಳಿಸಿದಳು. ಮುಂದೆ ದಾರಿ ಏರುವಲ್ಲಿ ಗಟ್ಟಿ ಮೊರಮಿನ ನೆಲವಿತ್ತು. ಅಲ್ಲಿ ಗೆರೆ ಎಳೆದು, "ಇಲ್ಲಿ ಅಗೀರಿ," ಅಂದಳು.

ಕೂಲಿಯಿಂದ ಬರುತ್ತಿದ್ದ ಹೆಂಗಸರ ಹತ್ತಿರ ಗುದ್ದಲಿ, ಸಲಿಕೆ, ಹಾರೆ ಎಲ್ಲ ಇದ್ದವು. ಎಲ್ಲರಿಗಿಂತ ಮೊದಲು ಇಳಿದವಳು ಸುಗಲಾಬಾಯಿ. "ದಿನಾ ಮಂದಿ ಹೊಲದಾಗ ಅಗೀತೀವಿ, ಇವತ್ತ ನಮ್ಮ ಸಲುವಾಗಿ ಅಗ್ಯೋಣ ನಡೀರಿ," ಅಂದಳು. ಅಪ್ಪ ಇನ್ನೊಂದು ಚಪ್ಪಲಿಯನ್ನೂ ಬಿಟ್ಟ. ಆದರೆ ಅವನು ಬದುವಿನ ಕಡೆ ಹೋಗಲಿಲ್ಲ, ಕುಣಿಗೆ ಇಳಿದು ಗುದ್ದಲಿ ಹಿಡಿದ.

ಮರದ ಬದಲಿಗೆ ಗಾಲಿಯನ್ನು ಕುಣಿಯಲ್ಲಿ ನೆಟ್ಟಗೆ ನಿಲ್ಲಿಸಿದರು. ಅದರ ನಡುವಿನ ತೂತಿನಿಂದ ಹಗ್ಗ ತೂರಿಸಿ, ಆಚೆ ಬದಿಯಲ್ಲಿ ಕೊಂಡಿಯನ್ನು ಅಡ್ಡ ಹಾರೆಗೆ ಸಿಕ್ಕಿಸಿದರು. ಹಗ್ಗ ನೇರವಾಗಿ ಹೋಗಲು ಜೀಪಿನ ಕಡೆಗೆ ಸಣ್ಣ ಕಾಲುವೆ ಕಡಿದು, ಮಣ್ಣು ತುಂಬಿ ತುಳಿದರು. ಶಿವಶಂಕರಪ್ಪ ಛತ್ರಿಯ ಕೆಳಗೆ ನಕ್ಕ.

"ಗಾಲಿ ಕಿತ್ಕೊಂಡು ಬರ್ತದ ನೋಡು."

ಅವಳು ಎಲ್ಲರನ್ನೂ ದೂರ ನಿಲ್ಲಿಸಿ ಗುಂಡಿ ಒತ್ತಿದಳು. ಹಗ್ಗ ಬಿಗಿಯಿತು. ಗಾಲಿ ಹೂತಿದ್ದ ಜಾಗದಲ್ಲಿ ನೆಲ ಬಿರಿಯಿತು, ಮಣ್ಣು ಉಬ್ಬಿತು, ಗಾಲಿ ಒಂದು ಗೇಣು ಮುಂದೆ ಸರಿಯಿತು. ಅವಳು ಹಲ್ಲು ಕಚ್ಚಿ ಒತ್ತಿಯೇ ಇದ್ದಳು. ಗಾಲಿ ಮೊರಮಿಗೆ ಆತು ನಿಂತಿತು. ಆಮೇಲೆ ಅಲ್ಲಾಡಿದ್ದು ಜೀಪು. ಕೆಸರು ದೊಡ್ಡ ಸದ್ದು ಮಾಡಿ ಅದನ್ನು ಬಿಟ್ಟುಕೊಟ್ಟಿತು, ಜೀಪು ಇಂಚಿಂಚಾಗಿ ಗಟ್ಟಿನೆಲ ಸೇರಿತು. ಹೆಂಗಸರು ನಕ್ಕರು. ಶಿವಶಂಕರಪ್ಪ ನಗಲಿಲ್ಲ.

ಬಕ್ಕಪ್ಪ ಮಣ್ಣು ಬಿಡಿಸಿ ಕುಣಿಯಿಂದ ಸ್ಟೆಪ್ನಿ ಎತ್ತಿ ಎದೆಗೆ ಅವಚಿಕೊಂಡ. ಹೆಂಗಸರು ಕುಣಿ ಮುಚ್ಚತೊಡಗಿದರು. ಅವನು ಬದುವಿನ ಹತ್ತಿರ ಹಾದು ಬರುವಾಗ ಶಿವಶಂಕರಪ್ಪ ಅವನನ್ನೇ ನೋಡುತ್ತ ನಿಂತಿದ್ದ, ಬರಬೇಕಾದ ನಮಸ್ಕಾರ ಇನ್ನೂ ಬಂದಿಲ್ಲವಲ್ಲ ಅನ್ನುವಂತೆ.

ಬಕ್ಕಪ್ಪ ನಿಂತ. ಕೆಸರು ಸೋರುತ್ತಿದ್ದ ಗಾಲಿಯನ್ನು ಒಮ್ಮೆ ನೋಡಿಕೊಂಡ, ಆಮೇಲೆ ಅವನ ಮುಖ ನೋಡಿದ.

"ಕೈ ಖಾಲಿ ಇಲ್ರಿ ಸಾವ್ಕಾರ್ರ," ಅಂದ.

ಧಮ್ಮಶೀಲಾ ದಾರಿಯ ಅಂಚಿಗೆ ಹೋಗಿ ಅಪ್ಪನ ಚಪ್ಪಲಿ ತಂದಳು. ಶಿವಶಂಕರಪ್ಪನ ಕಣ್ಣೆದುರಿಗೇ ಅಪ್ಪನ ಕಾಲ ಮುಂದೆ ಇಟ್ಟಳು. ಬಕ್ಕಪ್ಪ ಒಂದೊಂದಾಗಿ ಕಾಲು ತೂರಿಸಿ, ಗಾಲಿ ಹೊತ್ತುಕೊಂಡು ಜೀಪಿನ ಕಡೆ ನಡೆದ.