ನೆಲಕ್ಕಿಟ್ಟ ಕಾಫಿ

ಸುವೈಲಿಮ್ ಮುದುಕ ತಮ್ಮನ ಮಗ ಮುತ್ಲಕ್‌ನ ಹತ್ತಿರ ಒಂದೇ ಒಂದು ಮಾತು ಕೇಳಲು ಬಂದಿದ್ದ. ಅಕಾಬಾದ ಜೈಲಿನಲ್ಲಿರುವ ತನ್ನ ಮಗ ಸಬ್ಬಾಹ್‌ನ ಮೇಲಿನ ದೂರು ವಾಪಸು ತಗೋ ಎಂದು. ಸಬ್ಬಾಹ್ ಪ್ರವಾಸಿಗರನ್ನು ಕೂರಿಸಿಕೊಂಡು ಮರಳಿನ ಮೇಲೆ ಜೀಪು ಹಾರಿಸುವ ಹುಚ್ಚಿನಲ್ಲಿ, ದಿಬ್ಬದಾಚೆ ಒಂಟೆ ಮೇಲೆ ಬರುತ್ತಿದ್ದ ಮುತ್ಲಕ್‌ನಿಗೆ ಗುದ್ದಿದ್ದ. ಒಂಟೆ ಅಲ್ಲೇ ಸತ್ತಿತು. ಮುತ್ಲಕ್‌ನ ಬಲಮೊಣಕಾಲು ಪುಡಿಪುಡಿಯಾಯಿತು. ವಾದಿ ರಮ್ ಮರುಭೂಮಿಯಲ್ಲಿ ಅವನಂತೆ ಒಂಟೆ ಓಡಿಸುವವರು ಇನ್ನೊಬ್ಬರಿರಲಿಲ್ಲ. ಈಗ ಕೋಲೂರಿಕೊಂಡು ನಡೆಯುತ್ತಾನೆ, ಪ್ರವಾಸಿಗರಿಗೆ ಡೇರೆ ಬಾಡಿಗೆಗೆ ಕೊಡುತ್ತಾನೆ.

ಇಂಥ ಕೆಲಸಕ್ಕೆ ಹಿರಿಯರನ್ನು ಕೂಡಿಸಿಕೊಂಡು ಹೋಗಬೇಕು. ಹಿರಿಯರು ಜಪ್ಪಯ್ಯ ಅಂದರೂ ಏಳಲಿಲ್ಲ.

"ಅವನ ಡೇರೆ ಈಗ ಮನೆ ಏನೋ? ಹೋಟ್ಲು! ಹೋಟ್ಲಿಗೆ ಹೋಗಿ ಯಾರಾದ್ರೂ ರಾಜಿ ಕೇಳ್ತಾರೇನೋ ಸುವೈಲಿಮ್? ಮರ್ಯಾದೆ ಬೇಡವಾ?" ಎಂದರು.

ಮರ್ಯಾದೆಯಂತೆ! ಒಳಗಿರುವುದು ಇವನ ಮಗ, ಅವರ ಮಗನಲ್ಲ. ಮುದುಕ ಒಬ್ಬನೇ ಹೊರಟ.

ಕೇಳುವ ರೀತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಡೇರೆಯ ಒಡೆಯ ಕೈಯಾರೆ ಕಾಫಿ ಕೊಡುತ್ತಾನೆ. ಕೇಳಿಕೆ ಇರುವವನು ಕುಡಿಯದೆ ಬಟ್ಟಲನ್ನು ನೆಲಕ್ಕಿಡುತ್ತಾನೆ. 'ನಿನ್ನ ಕಾಫಿ ಕುಡಿ, ಕೇಳಿದ್ದು ಕೊಟ್ಟೆ' ಎಂದು ಒಡೆಯ ಹೇಳುವ ತನಕ ಅದು ಅಲ್ಲೇ ಇರುತ್ತದೆ. ಕುಡಿಯದ ಬಟ್ಟಲು ಬಿಟ್ಟು ನೆಂಟ ಎದ್ದುಹೋದರೆ ಆ ಮನೆಯ ಮಾನ ಹೋಯಿತೆಂದೇ ಲೆಕ್ಕ.

ಮುತ್ಲಕ್ ಬಾಗಿಲಿಗೇ ಬರಲಿಲ್ಲ. ಬಂದವನು ಕಪ್ಪು ವೇಸ್ಟ್‌ಕೋಟು ತೊಟ್ಟ ಈಜಿಪ್ಟಿನ ಮಾಣಿ ರಿಫಾತ್. ತಣ್ಣನೆಯ ಒದ್ದೆ ಟವೆಲು ಹಿಡಿದು ನಗುತ್ತ ನಿಂತ.

"ಬನ್ನಿ ಸರ್. ಸಾಹೇಬರು ನಿಮಗೆ ಒಳ್ಳೇ ಡೇರೇನೇ ಕೊಡೋಕೆ ಹೇಳಿದಾರೆ. ಎಷ್ಟು ದಿನ ಬೇಕಾದ್ರೂ ಇರಿ."

ಮುದುಕನಿಗೆ ತಮ್ಮನ ಮಗನ ಜಾಣತನ ಅರ್ಥವಾಯಿತು. ಕಳ್ಳ ನನ್ಮಗ! ನೆಂಟನನ್ನು ಗಿರಾಕಿ ಮಾಡಿಬಿಟ್ಟಿದ್ದ. ಗಿರಾಕಿಗೆ ಕಾಫಿ ಯಾರು ಕೊಟ್ಟರೂ ನಡೆಯುತ್ತದೆ, ಅವನು ಕುಡಿದರೆಷ್ಟು ಬಿಟ್ಟರೆಷ್ಟು.

ಡೇರೆಯೊಳಗೆ ಮಂಚ ಎದೆಮಟ್ಟ ಇತ್ತು. ಅದರ ಮೇಲೆ ಟವೆಲನ್ನು ಮಡಚಿ ಹಂಸ ಮಾಡಿ ಕೂರಿಸಿದ್ದರು. ಕಕ್ಕಸು ಮಲಗುವ ಜಾಗಕ್ಕೆ ಅಂಟಿಕೊಂಡೇ ಇದ್ದದ್ದು ಮುದುಕನಿಗೆ ಅಸಹ್ಯವೆನಿಸಿತು. ತಲೆಯ ಮೇಲೆ ಗಾಜಿನ ಚಾವಣಿ, ನಕ್ಷತ್ರ ನೋಡಲಿಕ್ಕಂತೆ. ಹೊರಗೆ ಮಲಗಿದರೆ ಪುಕ್ಕಟೆ ಕಾಣುವ ನಕ್ಷತ್ರ! ಅವನ ತಾಯಿ ಆಡಿನ ಕೂದಲಲ್ಲಿ ನೇಯ್ದ ಕರಿಡೇರೆ ಚಳಿಗಾಲದಲ್ಲಿ ನಿಲ್ಲುತ್ತಿದ್ದದ್ದು ಇದೇ ಬಂಡೆಯ ಮರೆಯಲ್ಲಿ. ಅವನು ಹಂಸವನ್ನು ಬಿಚ್ಚಿ ಮುಖ ಒರೆಸಿಕೊಂಡ.

ರಿಫಾತ್ ಕಾಫಿ ತಂದ. ಮುದುಕ ಅದನ್ನು ನೆಲಕ್ಕಿಟ್ಟ. ಆರಿತೇನೋ ಎಂದು ರಿಫಾತ್ ಇನ್ನೊಂದು ತಂದ. ಅದೂ ನೆಲ ಸೇರಿತು.

"ಹಾಲು ಹಾಕ್ಸ್ಲಾ ಸರ್? ನೊರೆ ಬರೋದು ಮಾಡ್ಕೊಡ್ತಾರೆ, ಮೇಲೆ ಹೃದಯದ ಚಿತ್ರಾನೂ ಬಿಡಿಸ್ತಾರೆ."

"ನಿನ್ನ ಸಾಹೇಬ ಎಲ್ಲಪ್ಪಾ?"

"ಸಾಯಂಕಾಲ ಒಲೆ ಹತ್ರ ಬರ್ತಾರೆ ಸರ್. ದಿನಾ ಕಾಫಿ ಬೀಜ ಹುರಿದು, ಕುಟ್ಟಿ, ಅವರ ಕೈಯಾರೆ ಎಲ್ರಿಗೂ ಕೊಡ್ತಾರೆ. ಆ ಕಾರ್ಯಕ್ರಮಕ್ಕೇ ಜನ ಬರೋದು."

ಅವರ ಕೈಯಾರೆ! ಮುದುಕ ಎದ್ದು ಕೂತ.

ಹೊತ್ತು ಇಳಿದು ಬಂಡೆಗಳು ಕೆಂಪಾಗುವಾಗ ಪ್ರವಾಸಿಗರು ಒಲೆಯ ಸುತ್ತ ಕಂಬಳಿಗಳ ಮೇಲೆ ಕೂತಿದ್ದರು. ಮುದುಕ ಸಾಲಿನ ಕೊನೆಗೆ ಹೋಗಿ ಕೂತ. ಮುತ್ಲಕ್ ಕೋಲೂರಿಕೊಂಡು ಬಂದು, ಬಲಗಾಲನ್ನು ಒರಗುದಿಂಬಿನ ಮೇಲೆ ನೀಡಿಕೊಂಡು ಕುಟ್ಟಾಣಿ ಎಳೆದುಕೊಂಡ. ಕಾಫಿ ಕುಟ್ಟುವಾಗ ಅವನ ಅಪ್ಪನದೇ ತಾಳ. ಮುದುಕನಿಗೆ ಸತ್ತ ತಮ್ಮನ ನೆನಪಾಯಿತು. ದೊಡ್ಡಪ್ಪನನ್ನು ಕಂಡೂ ಮುತ್ಲಕ್ ಕಾಣದವನಂತೆ ಇದ್ದ.

ಕುಟ್ಟುತ್ತ ಇಂಗ್ಲಿಷಿನಲ್ಲಿ ಕತೆ ಹೇಳಿದ. ಬಟ್ಟಲು ಅಲ್ಲಾಡಿಸಿದರೆ ಸಾಕು ಎಂದರ್ಥ, ಚಾಚಿದರೆ ಇನ್ನೂ ಬೇಕು ಎಂದರ್ಥ, ಕುಡಿಯದೆ ನೆಲಕ್ಕಿಟ್ಟರೆ ಏನೋ ಕೇಳುವುದಿದೆ ಎಂದರ್ಥ, ಆಗ ಒಡೆಯ ಕೊಡದೆ ಗತಿಯಿಲ್ಲ. ಪ್ರವಾಸಿಗರು ಹೋ ಎಂದರು. ಬಟ್ಟಲು ಕೈಗೆ ಬಂದದ್ದೇ ಒಬ್ಬಳು ಹೆಂಗಸು ನಗುತ್ತ ನೆಲಕ್ಕಿಟ್ಟು, ಒಂಟೆ ಬೇಕು ಎಂದಳು.

"ಕುಡಿಯಮ್ಮ, ಕೊಟ್ಟೆ!" ಎಂದ ಮುತ್ಲಕ್.

ಅವಳ ಗಂಡ ಇನ್ನೊಂದು ರಾತ್ರಿ ಬಿಟ್ಟಿ ಬೇಕೆಂದ. "ಕುಡಿ, ಕೊಟ್ಟೆ!" ಸಾಲಿನುದ್ದಕ್ಕೂ ಬಟ್ಟಲುಗಳು ನೆಲಕ್ಕಿಳಿದವು. ಒಬ್ಬ ಬಂಡೆಬೆಟ್ಟವನ್ನೇ ಕೇಳಿದ. ಅದನ್ನೂ ಕೊಟ್ಟ. ನಗುವೋ ನಗು.

ಮುತ್ಲಕ್ ಕೋಲನ್ನು ಕಂಕುಳಿಗೊತ್ತಿಕೊಂಡು ಕುಂಟುತ್ತ ಸಾಲಿನ ಕೊನೆಗೆ ಬಂದ. ಎಡಗೈಯಲ್ಲಿ ಕಾಫಿ ಹೂಜಿ, ಬಲಗೈಯಲ್ಲಿ ಬಟ್ಟಲು. ಮುದುಕ ಎರಡೂ ಕೈಯಲ್ಲಿ ಇಸಿದುಕೊಂಡು ನೆಲಕ್ಕಿಟ್ಟ. ಹಿಂದೆ ನಿಂತಿದ್ದ ಊರಿನ ಒಂಟೆಯವರು ಇತ್ತ ತಿರುಗಿದರು.

ಮುತ್ಲಕ್‌ನ ಮುಖ ಒಂದು ಗಳಿಗೆ ಬಿಗಿಯಿತು. ಆಮೇಲೆ ಅದೇ ರಾಗದಲ್ಲಿ, ಇಂಗ್ಲಿಷಿನಲ್ಲೇ, "ಕುಡೀರಿ, ಕೊಟ್ಟೆ!" ಎಂದು ಬೆನ್ನು ತಿರುಗಿಸಿದ. ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಮುದುಕ ಆಗಲೇ ಕುಡಿದುಬಿಟ್ಟಿದ್ದರೆ ಕೆಲಸ ಮುಗಿದಿರುತ್ತಿತ್ತು. ಒಂಟೆಯವರೆಲ್ಲ ಸಾಕ್ಷಿ, ಮಾತು ಯಾವ ಭಾಷೆಯಲ್ಲಿ ಬಂತು ಎಂದು ಅವರೇನೂ ಕೇಳುತ್ತಿರಲಿಲ್ಲ. ಅವನು ಕುಡಿಯಲಿಲ್ಲ. ಊಟದ ಗಂಟೆ ಬಾರಿಸಿತು, ಮರಳಿನಡಿ ಬೇಯಿಸಿದ ಕುರಿಯ ವಾಸನೆಗೆ ಜನ ಎದ್ದುಹೋದರು. ಅವನು ಕೂತಲ್ಲೇ ಕೂತಿದ್ದ.

ಮುತ್ಲಕ್ ಮತ್ತೆ ಬಂದ. ಕೋಲನ್ನು ಪಕ್ಕಕ್ಕೆಸೆದು, ಹಲ್ಲು ಕಚ್ಚಿಕೊಂಡು ಎದುರಿಗೆ ಕೂತ.

"ಕೊಟ್ಟೆ ಅಂದೆನಲ್ಲ, ಕುಡಿಯೋಕೇನು ಧಾಡಿ ನಿಮಗೆ?"

"ಆ ಯಪ್ಪನಿಗೆ ಬೆಟ್ಟ ಕೊಟ್ಯಲ್ಲ, ನನಗೂ ಹಂಗೇ ಕೊಟ್ಟೆ. ತಮಾಷೆಗೆ ಬಿಟ್ಟುಕೊಟ್ಟ ಮಗ ನನಗೆ ಬೇಡ ಕಣೋ."

"ನಾನು ಬಾಯಿ ತಪ್ಪಿ ಸಿಕ್ಕಿಬಿದ್ದಿದ್ದೆ. ಹಿಡ್ಕೋಬೋದಿತ್ತು ನೀನು."

'ನೀವು' ಹೋಗಿ 'ನೀನು' ಬಂದಿತ್ತು. ಮುದುಕನಿಗೆ ಬಂದಾಗಿನಿಂದ ಮೊದಲ ಬಾರಿ ಹಾಯೆನಿಸಿತು.

"ಹಿಡ್ಕೊಂಡಿದ್ರೆ ನಾನು ನಿನ್ನ ದೊಡ್ಡಪ್ಪನಾ? ನಿನ್ನ ಅಪ್ಪನ ಡೇರೇಲಿ ಕೇಳ್ತಿದೀನಿ ಅಂತ್ಲೇ ಬಂದಿದ್ದು. ನೀನೇ ನನ್ನನ್ನ ಹೋಟ್ಲಲ್ಲಿ ಮಲಗಿಸ್ದೆ."

ಮುತ್ಲಕ್ ಕೆಂಡ ಕೆದಕಿ ಹೂಜಿಯನ್ನು ಬಿಸಿಗಿಟ್ಟ. ಆಮೇಲೆ ಆರಿದ ಕಾಫಿಯನ್ನು ಮರಳಿಗೆ ಚೆಲ್ಲಿ, ಬಿಸಿಯದು ಬಗ್ಗಿಸಿ ಕೊಟ್ಟ. ಮುದುಕ ನೆಲಕ್ಕಿಟ್ಟ.

"ನಿನ್ನ ಕಾಫಿ ಕುಡಿ ದೊಡ್ಡಪ್ಪ," ಎಂದ ಮುತ್ಲಕ್. ಈ ಸಲ ತಮ್ಮ ಮಾತಿನಲ್ಲೇ, ಒಂಟೆಯವರಿಗೂ ಕೇಳಿಸುವಂತೆ. "ಕೇಳಿದ್ದು ಕೊಟ್ಟೆ. ನಾಳೆ ಅಕಾಬಾಕ್ಕೆ ಹೋಗಿ ದೂರು ವಾಪಸ್ ತಗೋತೀನಿ. ಸಬ್ಬಾಹ್ ಮನೆಗೆ ಬರ್ತಾನೆ."

ಮುದುಕ ಬಟ್ಟಲು ಎತ್ತಿಕೊಂಡ. ಒಂದೇ ಗುಟುಕಿಗೆ ಕುಡಿದ. ಕಹಿ ಗಂಟಲಿಗಿಳಿಯುವಾಗ ಕಣ್ಣಲ್ಲಿ ನೀರು ಬಂತು. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ. ಅವನನ್ನ ಕ್ಷಮಿಸಿದ್ಯಲ್ಲ, ಅಷ್ಟು ಸಾಕು."

"ಕ್ಷಮಿಸಿದೆ ಅಂತ ಯಾರಂದ್ರು?" ಮುತ್ಲಕ್ ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. "ದಿನಾ ಬೆಳಿಗ್ಗೆ ಇದು ನೋಯ್ತದೆ, ದಿನಾ ಅವನಿಗೆ ಶಾಪ ಹಾಕ್ತೀನಿ. ನೀನು ಮಗನನ್ನ ಕೇಳಿದೆ, ಕೊಟ್ಟೆ. ಕ್ಷಮೆ ಕೇಳಿಲ್ಲ ನೀನು."

ಹೌದು, ಕೇಳಿರಲಿಲ್ಲ. ಮಗ ಬಂದರೆ ಅದೂ ಬಂದಂತೆಯೇ ಎಂದುಕೊಂಡಿದ್ದ. ಮುದುಕನ ಮುಖ ಬಾಡಿತು.

ಮುತ್ಲಕ್ ಏಳಲು ಕೋಲಿಗೆ ಕೈ ಹಾಕಿದ. ಬಟ್ಟಲು ಅಲ್ಲಾಡಿಸಿ ಮರಳಿಸುವುದಷ್ಟೇ ಬಾಕಿ. ಮುದುಕ ಅದನ್ನು ಅಲ್ಲಾಡಿಸಲಿಲ್ಲ. ಮುಂದಕ್ಕೆ ಚಾಚಿದ.

ಚಾಚಿದ ಬಟ್ಟಲಿಗೆ ಇಲ್ಲವೆನ್ನಲು ಬರುವುದಿಲ್ಲ. ಮುತ್ಲಕ್ ಹೂಜಿ ಎತ್ತಿ ಬಗ್ಗಿಸಿದ.

ಮುದುಕ ಅದನ್ನು ತನ್ನ ಮುಂದೆ ನೆಲಕ್ಕಿಟ್ಟ.

"ಬೇಡ ದೊಡ್ಡಪ್ಪ," ಎಂದ ಮುತ್ಲಕ್. ಅವನ ದನಿ ಒಡೆದಿತ್ತು. "ಅದು ಆಗಲ್ಲ ನನ್ನ ಕೈಲಿ. ಏಳು, ಊಟ ಆರಿಹೋಗ್ತದೆ."

"ಆರ್ಲಿ ಬಿಡು," ಎಂದು ಮುದುಕ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ.